ಇನ್ನೇನು ಬಂತು ಅನ್ನುತ್ತಲೇ ಇರುವ ಟೆರಾಹರ್ಟ್ಸ್: ಅದನ್ನೇ ನಂಬಿದ ಭೌತವಿಜ್ಞಾನಿ ಗಳಿಸಿದ್ದೇನು?

ಮೈಕ್ರೋವೇವ್‌ಗೂ ಇನ್‌ಫ್ರಾರೆಡ್‌ಗೂ ನಡುವಿನ ಟೆರಾಹರ್ಟ್ಸ್ ಕಿರಣಗಳ ಬಗ್ಗೆ ಬರುವ ಸುದ್ದಿಗಳಿಗೆ ಒಂದು ಚಾಳಿ ಇದೆ. ಕೆಲವು ವರ್ಷಕ್ಕೊಮ್ಮೆ ಎದ್ದು ಕೂತು "ಇನ್ನೇನು ಬಂದೇಬಿಟ್ಟಿತು" ಅನ್ನುತ್ತವೆ. ಆಮೇಲೆ ಸದ್ದಿಲ್ಲ. 1995ರಲ್ಲಿ ಬೆಲ್ ಲ್ಯಾಬ್ಸ್‌ನ ಹು ಮತ್ತು ನಸ್ ಈ ಕಿರಣದಲ್ಲಿ ಒಂದು ಎಲೆಯ ಚಿತ್ರವನ್ನೂ, ಪ್ಲಾಸ್ಟಿಕ್ ಹೊದಿಕೆಯೊಳಗಿನ ಚಿಪ್‌ನ ಚಿತ್ರವನ್ನೂ ತೆಗೆದು ತೋರಿಸಿದರು. ಎಕ್ಸ್‌ರೇಗೆ ಅಪಾಯವಿಲ್ಲದ ಬದಲಿ ಸಿಕ್ಕಿತು ಅನ್ನುವ ಮಾತು ಹಬ್ಬಿತು. 2001ರ ನಂತರ ವಿಮಾನ ನಿಲ್ದಾಣದ ತಪಾಸಣೆಗೆ ಇದೇ ಮದ್ದು ಅಂದರು. ಅದೇ ದಶಕದಲ್ಲಿ ಚರ್ಮದ ಕ್ಯಾನ್ಸರ್ ಪತ್ತೆ ಮಾಡುವ ಆಸೆಯೂ ಹುಟ್ಟಿತು. ಈಗ 6ಜಿ, ಅಂದರೆ ಮುಂದಿನ ಪೀಳಿಗೆಯ ಮೊಬೈಲ್ ಜಾಲದ ಸರದಿ.

ಇಷ್ಟೆಲ್ಲ ನಡೆಯುವ ಹೊತ್ತಿಗೆ, 1990ರ ಸುಮಾರಿಗೆ ಪಿಎಚ್‌ಡಿಗೆ ಸೇರಿದ ಒಬ್ಬ ಭೌತವಿಜ್ಞಾನಿ ನಿವೃತ್ತಿಯ ಅಂಚಿಗೆ ಬಂದಿರುತ್ತಾರೆ. ಟೆರಾಹರ್ಟ್ಸ್ ಸ್ಪೆಕ್ಟ್ರೋಸ್ಕೋಪಿ (ಯಾವ ಆವರ್ತನದ ಕಿರಣವನ್ನು ವಸ್ತು ಎಷ್ಟು ಹೀರುತ್ತದೆ ಅಂತ ಅಳೆಯುವ ಕೆಲಸ) ಮತ್ತು ಆಪ್ಟಿಕ್ಸ್‌ನಲ್ಲೇ ಅವರ ಇಡೀ ವೃತ್ತಿ ಕಳೆದಿರುತ್ತದೆ. ಪತ್ರಿಕೆಯ ತಲೆಬರಹಗಳನ್ನೇ ನಂಬಿದರೆ ಅವರು ಸೋತ ಕುದುರೆಯ ಮೇಲೆ ಹಣ ಕಟ್ಟಿದವರು. ನನಗೆ ಹಾಗನ್ನಿಸುವುದಿಲ್ಲ. ಭರವಸೆ ಕೊಟ್ಟವರು ನೋಡಿದ್ದು ಈ ಕಿರಣ ಯಾವುದರ ಮೂಲಕ ಸಲೀಸಾಗಿ ಹಾದುಹೋಗುತ್ತದೆ ಅನ್ನುವುದನ್ನು: ಬಟ್ಟೆ, ಕಾಗದ, ಪ್ಲಾಸ್ಟಿಕ್. ಲ್ಯಾಬಿನಲ್ಲಿ ಕೂತವರು ನೋಡಿದ್ದು ಅದು ಎಲ್ಲಿ ತಡೆಯುತ್ತದೆ, ಎಷ್ಟು ತಡವಾಗುತ್ತದೆ ಅನ್ನುವುದನ್ನು. ಒಳ್ಳೆಯ ಭೌತವಿಜ್ಞಾನವೆಲ್ಲ ಸಿಕ್ಕಿದ್ದು ಈ ಎರಡನೆಯ ಕಡೆಯಿಂದಲೇ.

ಎರಡು ಕಡೆಯೂ ಸಲ್ಲದ ಜಾಗ

1 ಟೆರಾಹರ್ಟ್ಸ್ ಅಂದರೆ ಸೆಕೆಂಡಿಗೆ ಲಕ್ಷ ಕೋಟಿ ಕಂಪನ. ತರಂಗಾಂತರ 0.3 ಮಿಲಿಮೀಟರ್. ಸಾಮಾನ್ಯವಾಗಿ 0.1ರಿಂದ 10 ಟೆರಾಹರ್ಟ್ಸ್‌ವರೆಗಿನ ಪಟ್ಟಿಗೆ ಈ ಹೆಸರು ಹೇಳುತ್ತಾರೆ. ಒಂದು ಕಡೆ ಮೈಕ್ರೋವೇವ್, ಇನ್ನೊಂದು ಕಡೆ ಇನ್‌ಫ್ರಾರೆಡ್. ನಡುವೆ ಇದು.

ಮೈಕ್ರೋವೇವ್ ಕಡೆಯಿಂದ ಬಂದರೆ ಟ್ರಾನ್ಸಿಸ್ಟರ್‌ಗಳು ಕೈಕೊಡುತ್ತವೆ. ಕೆಲವು ನೂರು ಗಿಗಾಹರ್ಟ್ಸ್ ದಾಟಿದ ಮೇಲೆ ಎಲೆಕ್ಟ್ರಾನುಗಳಿಗೆ ಅಷ್ಟು ಬೇಗ ಹಿಂದೆ ಮುಂದೆ ಓಡಾಡಲು ಆಗುವುದಿಲ್ಲ, ಹೊರಗೆ ಬರುವ ಶಕ್ತಿ ಸರ್ರನೆ ಇಳಿಯುತ್ತದೆ. ಬೆಳಕಿನ ಕಡೆಯಿಂದ ಬಂದರೆ ಲೇಸರ್ ಕೈಕೊಡುತ್ತದೆ. 1 ಟೆರಾಹರ್ಟ್ಸ್ ಫೋಟಾನಿನ ಶಕ್ತಿ ಸುಮಾರು 4 ಮಿಲಿ ಎಲೆಕ್ಟ್ರಾನ್ ವೋಲ್ಟ್. ಕೋಣೆಯ ಬಿಸಿಯ ಶಕ್ತಿಯೇ ಸುಮಾರು 25. ಲೇಸರ್ ನಡೆಯಬೇಕಾದರೆ ಮೇಲಿನ ಮಟ್ಟದಲ್ಲಿ ಎಲೆಕ್ಟ್ರಾನು ಜಾಸ್ತಿ ಇರಬೇಕು, ಕೆಳಗಿನ ಮಟ್ಟದಲ್ಲಿ ಕಡಿಮೆ ಇರಬೇಕು. ಎರಡೂ ಮಟ್ಟಗಳು ಇಷ್ಟು ಹತ್ತಿರ ಇದ್ದರೆ ಬಿಸಿಯೇ ಎಲ್ಲವನ್ನೂ ಕಲಸಿಹಾಕುತ್ತದೆ.

ಇದು ಎಷ್ಟು ಗಟ್ಟಿ ಅಡ್ಡಿ ಅನ್ನುವುದಕ್ಕೆ ಒಂದು ಲೆಕ್ಕ ಸಾಕು. ಟೆರಾಹರ್ಟ್ಸ್ ಕ್ವಾಂಟಮ್ ಕ್ಯಾಸ್ಕೇಡ್ ಲೇಸರ್ (ತೆಳು ಸೆಮಿಕಂಡಕ್ಟರ್ ಪದರಗಳಲ್ಲಿ ಎಲೆಕ್ಟ್ರಾನು ಮೆಟ್ಟಿಲು ಇಳಿದ ಹಾಗೆ ಇಳಿಯುತ್ತಾ ಕಿರಣ ಸೂಸುವ ಲೇಸರ್) ಮೊದಲು ಬೆಳಗಿದ್ದು 2002ರಲ್ಲಿ. ಅದು ನಡೆಯುತ್ತಿದ್ದುದು 50 ಕೆಲ್ವಿನ್ ಆಸುಪಾಸಿನವರೆಗೆ, ಅಂದರೆ ಸೊನ್ನೆಗಿಂತ 220 ಡಿಗ್ರಿ ಕೆಳಗೆ. 2020ರಲ್ಲಿ ಎಂಐಟಿಯ ಗುಂಪೊಂದು ಅದನ್ನು 250 ಕೆಲ್ವಿನ್‌ಗೆ ತಂದಿತು, ಅಂದರೆ ಮೈನಸ್ 23 ಡಿಗ್ರಿ ಸೆಲ್ಸಿಯಸ್. ಪುಟ್ಟ ಎಲೆಕ್ಟ್ರಿಕ್ ಕೂಲರ್ ಇದ್ದರೆ ಸಾಕು ಅನ್ನುವ ಮಟ್ಟ. ನಡುವೆ ಹದಿನೆಂಟು ವರ್ಷ. ಆ ವರ್ಷಗಳಲ್ಲಿ ಪಿಎಚ್‌ಡಿ ಮಾಡಿ, ಪೋಸ್ಟ್‌ಡಾಕ್ ಮುಗಿಸಿ, ಕೆಲಸಕ್ಕೆ ಸೇರಿ, ತಾವೇ ಗೈಡ್ ಆದವರಿದ್ದಾರೆ. ಅವರ ಕೈಗೆ ಬಂದದ್ದು ವರ್ಷಕ್ಕೆ ಸರಾಸರಿ ಹನ್ನೊಂದು ಡಿಗ್ರಿ ಏರಿಕೆ. ಈ ಕ್ಷೇತ್ರದಲ್ಲಿ ಕಾಲ ಹೋಗುವುದೇ ಹೀಗೆ.

ಇಷ್ಟು ಕಷ್ಟಪಟ್ಟು ಯಾಕೆ ಅಲ್ಲಿಗೆ ಹೋಗಬೇಕು? ವಸ್ತುಗಳ ಒಳಗಿನ ಮುಖ್ಯ ಚಲನೆಗಳೆಲ್ಲ ಅಲ್ಲೇ ನಡೆಯುವುದರಿಂದ. ಹರಳಿನ ಅಣುಗಳ ನಿಧಾನದ ತೂಗಾಟ, ಅನಿಲದ ಅಣುಗಳ ಗಿರಕಿ, ಸೆಮಿಕಂಡಕ್ಟರ್ ಒಳಗೆ ಎಲೆಕ್ಟ್ರಾನು ಒಂದು ಡಿಕ್ಕಿಯಿಂದ ಇನ್ನೊಂದು ಡಿಕ್ಕಿಗೆ ಓಡುವ ಹೊತ್ತು, ತಡೆಯಿಲ್ಲದೆ ವಿದ್ಯುತ್ ಹರಿಸುವ ಸೂಪರ್‌ಕಂಡಕ್ಟರ್‌ನಲ್ಲಿ ಜೋಡಿಯಾದ ಎಲೆಕ್ಟ್ರಾನುಗಳನ್ನು ಬಿಡಿಸಲು ಬೇಕಾದ ಶಕ್ತಿ: ಇವೆಲ್ಲ ಬಂದು ಕೂರುವುದು ಈ ಪಟ್ಟಿಯಲ್ಲಿ.

ಹಾಗಾಗಿ "ಟೆರಾಹರ್ಟ್ಸ್" ಅನ್ನುವ ಹೆಸರು ಚಾಲ್ತಿಗೆ ಬರುವ ಮೊದಲೇ ಇಲ್ಲಿ ಕೆಲಸ ಮಾಡಿದವರಿದ್ದಾರೆ. 1890ರ ದಶಕದಲ್ಲಿ ಕೋಲ್ಕತ್ತದಲ್ಲಿ ಜಗದೀಶಚಂದ್ರ ಬೋಸರು ರೇಡಿಯೋ ಕಡೆಯಿಂದ ಹತ್ತುತ್ತಾ 60 ಗಿಗಾಹರ್ಟ್ಸ್‌ವರೆಗೆ ಬಂದಿದ್ದರು. ಅದೇ ಕಾಲಕ್ಕೆ ಬರ್ಲಿನ್‌ನಲ್ಲಿ ಹೈನ್ರಿಶ್ ರೂಬೆನ್ಸ್ ಬೆಳಕಿನ ಕಡೆಯಿಂದ ಇಳಿಯುತ್ತಿದ್ದರು. ಉಪ್ಪಿನ ಹರಳಿನಿಂದ ಮತ್ತೆ ಮತ್ತೆ ಪ್ರತಿಫಲಿಸಿ ಉಳಿದ ಕಿರಣವನ್ನು ಬಳಸಿ ಅವರು ಸುಮಾರು 50 ಮೈಕ್ರೋಮೀಟರ್‌ವರೆಗೆ ಅಳೆದರು. ಇವತ್ತಿನ ಲೆಕ್ಕದಲ್ಲಿ ಅದು ಸುಮಾರು 6 ಟೆರಾಹರ್ಟ್ಸ್. ಬಿಸಿ ವಸ್ತು ಸೂಸುವ ಕಿರಣಕ್ಕೆ ಆಗ ಚಾಲ್ತಿಯಲ್ಲಿದ್ದ ಸೂತ್ರ ಅಲ್ಲಿ ತಪ್ಪುತ್ತಿತ್ತು. 1900ರ ಅಕ್ಟೋಬರ್ 7ರ ಭಾನುವಾರ ರೂಬೆನ್ಸ್ ಈ ವಿಷಯವನ್ನು ಮ್ಯಾಕ್ಸ್ ಪ್ಲಾಂಕ್ ಮನೆಗೆ ಹೋದಾಗ ಹೇಳಿದರು. ಅಕ್ಟೋಬರ್ 19ರಂದು ಪ್ಲಾಂಕ್ ಹೊಸ ಸೂತ್ರ ಮಂಡಿಸಿದರು. ಕ್ವಾಂಟಮ್ ಯುಗದ ಬಾಗಿಲು ತೆರೆದದ್ದು ಆ ಸೂತ್ರ. ರೂಬೆನ್ಸ್ ಕ್ವಾಂಟಮ್ ಹುಡುಕಲು ಹೊರಟವರಲ್ಲ. ಯಾರೂ ಸರಿಯಾಗಿ ಅಳೆಯದ ಜಾಗದಲ್ಲಿ ಸರಿಯಾಗಿ ಅಳೆದರು, ಅಷ್ಟೇ.

ಬೆಂಚಿನ ಮೇಲೆ ಏನು ನಡೆಯುತ್ತದೆ

ಇವತ್ತಿನ ಟೆರಾಹರ್ಟ್ಸ್ ಲ್ಯಾಬಿನ ಕಸುಬು ಶುರುವಾಗಿದ್ದು ಬೆಲ್ ಲ್ಯಾಬ್ಸ್ ಮತ್ತು ಐಬಿಎಂನಲ್ಲಿ. 1975ರಲ್ಲಿ ಬೆಲ್ ಲ್ಯಾಬ್ಸ್‌ನ ಡೇವಿಡ್ ಆಸ್ಟನ್ ಲೇಸರ್ ಪಲ್ಸ್ ಬಿದ್ದ ಕೂಡಲೇ ಕರೆಂಟ್ ಹರಿಯುವ ಪುಟ್ಟ ಸೆಮಿಕಂಡಕ್ಟರ್ ಸ್ವಿಚ್ ಮಾಡಿದರು. 1980ರ ದಶಕದಲ್ಲಿ ಅದೇ ಸ್ವಿಚ್ ಆಂಟೆನಾ ಆಯಿತು. 1989ರಲ್ಲಿ ಐಬಿಎಂನ ಡೇನಿಯಲ್ ಗ್ರಿಶ್ಕೋವ್‌ಸ್ಕಿ ಮತ್ತು ಅವರ ಜೊತೆಗಾರರು ಇದೇ ವಿಧಾನದಲ್ಲಿ ನೀರಾವಿಯ ಸ್ಪೆಕ್ಟ್ರಮ್ ಅಳೆದು ಪ್ರಕಟಿಸಿದರು. ಟೈಮ್‌ ಡೊಮೇನ್ ಸ್ಪೆಕ್ಟ್ರೋಸ್ಕೋಪಿ ಅನ್ನುವ ಕೆಲಸ ಗಟ್ಟಿಯಾಗಿ ನೆಲೆಯೂರಿದ್ದು ಅಲ್ಲಿಂದ.

ಕೆಲಸ ಮಾಡುವ ರೀತಿ ಹೀಗೆ. ಸುಮಾರು 100 ಫೆಮ್ಟೋಸೆಕೆಂಡಿನ ಲೇಸರ್ ಪಲ್ಸ್ ಒಂದನ್ನು ಎರಡು ಪಾಲು ಮಾಡುತ್ತಾರೆ. ಒಂದು ಪಾಲು ಸೆಮಿಕಂಡಕ್ಟರ್ ಮೇಲೆ ಬೀಳುತ್ತದೆ. ಅಲ್ಲಿ ಹುಟ್ಟಿದ ಎಲೆಕ್ಟ್ರಾನುಗಳು ವೋಲ್ಟೇಜಿಗೆ ಸಿಕ್ಕಿ ಒಮ್ಮೆಲೇ ಓಡುತ್ತವೆ. ಆ ಓಟದಿಂದ ಸುಮಾರು ಒಂದು ಪಿಕೋಸೆಕೆಂಡಿನ (ಸೆಕೆಂಡಿನ ಲಕ್ಷ ಕೋಟಿಯ ಒಂದು ಪಾಲು, ಅಂದರೆ 1000 ಫೆಮ್ಟೋಸೆಕೆಂಡ್) ಟೆರಾಹರ್ಟ್ಸ್ ಪಲ್ಸ್ ಹೊರಡುತ್ತದೆ. ಅದು ಕನ್ನಡಿಗಳಲ್ಲಿ ತಿರುಗಿ, ಸ್ಯಾಂಪಲ್ ದಾಟಿ, ಡಿಟೆಕ್ಟರ್ ಸೇರುತ್ತದೆ. ಲೇಸರಿನ ಇನ್ನೊಂದು ಪಾಲು ಬೇರೆ ದಾರಿಯಲ್ಲಿ ಬಂದು ಅದೇ ಡಿಟೆಕ್ಟರನ್ನು ಒಂದು ಕ್ಷಣ ಮಾತ್ರ ಎಚ್ಚರಿಸುತ್ತದೆ. ಆ ಕ್ಷಣದಲ್ಲಿ ಟೆರಾಹರ್ಟ್ಸ್ ಅಲೆಯ ವಿದ್ಯುತ್ ಕ್ಷೇತ್ರ ಎಷ್ಟಿತ್ತೋ ಅಷ್ಟು ಸಿಗ್ನಲ್ ಸಿಗುತ್ತದೆ. ಎರಡನೆಯ ದಾರಿಯ ಕನ್ನಡಿಯನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಹೋದರೆ ಇಡೀ ಅಲೆಯ ಆಕಾರ ಬಿಂದು ಬಿಂದುವಾಗಿ ಮೂಡುತ್ತದೆ. ಕತ್ತಲಲ್ಲಿ ತಿರುಗುವ ಫ್ಯಾನಿನ ರೆಕ್ಕೆಯನ್ನು ಮಿನುಗು ದೀಪದಲ್ಲಿ ನೋಡಿದ ಹಾಗೆ. ಕನ್ನಡಿ 0.15 ಮಿಲಿಮೀಟರ್ ಸರಿದರೆ ಹೊತ್ತು ಒಂದು ಪಿಕೋಸೆಕೆಂಡ್ ಸರಿಯುತ್ತದೆ.

ಇದರಲ್ಲಿ ಹೆಚ್ಚುಗಾರಿಕೆ ಏನು ಅಂದರೆ, ಮಾಮೂಲಿ ಸ್ಪೆಕ್ಟ್ರೋಮೀಟರ್ ಬೆಳಕಿನ ತೀವ್ರತೆಯನ್ನು ಮಾತ್ರ ಅಳೆಯುತ್ತದೆ. ಎಷ್ಟು ಹೀರಿತು ಅಂತ ಗೊತ್ತಾಗುತ್ತದೆ, ಎಷ್ಟು ತಡವಾಯಿತು ಅಂತ ನೇರವಾಗಿ ಗೊತ್ತಾಗುವುದಿಲ್ಲ. ಇಲ್ಲಿ ಅಲೆಯನ್ನೇ ಅಳೆಯುವುದರಿಂದ ಎರಡೂ ಒಟ್ಟಿಗೇ ಸಿಗುತ್ತವೆ. ಜೊತೆಗೆ, ಡಿಟೆಕ್ಟರ್ ಎಚ್ಚರವಾಗಿರುವುದು ಆ ಕ್ಷಣ ಮಾತ್ರ. ಅಲೆಯ ಜೊತೆ ತಾಳ ಕೂಡದ ಕೋಣೆಯ ಬಿಸಿಯ ಕಿರಣ ಸರಾಸರಿಯಲ್ಲಿ ಅಳಿಸಿಹೋಗುತ್ತದೆ. ಹೀಲಿಯಂ ಸುರಿದು ತಂಪು ಮಾಡುವ ಡಿಟೆಕ್ಟರಿನ ಗೋಳು ಇಲ್ಲ.

ಒಂದು ಸರಳ ಸ್ಯಾಂಪಲ್ ತೆಗೆದುಕೊಳ್ಳೋಣ. ಅರ್ಧ ಮಿಲಿಮೀಟರ್ ದಪ್ಪದ ಶುದ್ಧ ಸಿಲಿಕಾನ್ ಬಿಲ್ಲೆ. ಕಣ್ಣಿಗೆ ಅದು ಕನ್ನಡಿ, ಟೆರಾಹರ್ಟ್ಸ್‌ಗೆ ಗಾಜು. ಮೊದಲು ಬಿಲ್ಲೆ ಇಲ್ಲದೆ ಪಲ್ಸ್ ಅಳೆಯಬೇಕು, ಆಮೇಲೆ ಇಟ್ಟು ಅಳೆಯಬೇಕು. ಎರಡನೆಯ ಪಲ್ಸ್ ಸುಮಾರು 4 ಪಿಕೋಸೆಕೆಂಡ್ ತಡವಾಗಿ ಬರುತ್ತದೆ. ಆ ತಡದಿಂದಲೇ ಸಿಲಿಕಾನಿನ ವಕ್ರೀಭವನ ಸೂಚ್ಯಂಕ 3.42 ಅಂತ ಲೆಕ್ಕ ಹಾಕಬಹುದು. ಸುಲಭ ಅಲ್ವಾ? ಇಲ್ಲಿಂದ ಮುಂದೆಯೇ ಕಷ್ಟ.

ಮೊದಲ ಪಲ್ಸ್ ಬಂದು 11.4 ಪಿಕೋಸೆಕೆಂಡ್ ಆದ ಮೇಲೆ ಇನ್ನೊಂದು ಚಿಕ್ಕ ಪಲ್ಸ್ ಬರುತ್ತದೆ. ಬಿಲ್ಲೆಯ ಒಳಗೇ ಒಮ್ಮೆ ಹಿಂದೆ, ಒಮ್ಮೆ ಮುಂದೆ ಪುಟಿದು ಬಂದ ಪ್ರತಿಧ್ವನಿ ಅದು. ಅದನ್ನು ಹಾಗೇ ಬಿಟ್ಟು ಸ್ಪೆಕ್ಟ್ರಮ್ ತೆಗೆದರೆ ಪ್ರತಿ 0.09 ಟೆರಾಹರ್ಟ್ಸ್‌ಗೆ ಒಂದು ಏರಿಳಿತ ಕಾಣಿಸುತ್ತದೆ. ಹೊಸಬರು ಅದನ್ನೇ ಹೊಸ ಗೆರೆ, ಅಂದರೆ ವಸ್ತುವೇ ಕಿರಣ ಹೀರುವ ಜಾಗ, ಅಂತ ನಂಬಿ ಖುಷಿಪಡುತ್ತಾರೆ. ಪ್ರತಿಧ್ವನಿ ಬರುವ ಮೊದಲೇ ಡೇಟಾ ಕತ್ತರಿಸಿದರೆ ಏರಿಳಿತ ಹೋಗುತ್ತದೆ, ಆದರೆ 0.09 ಟೆರಾಹರ್ಟ್ಸ್‌ಗಿಂತ ಹತ್ತಿರದ ಎರಡು ಗೆರೆಗಳನ್ನು ಬೇರೆಬೇರೆಯಾಗಿ ನೋಡುವ ಶಕ್ತಿಯೂ ಹೋಗುತ್ತದೆ. ದಪ್ಪದ ಸ್ಯಾಂಪಲ್ ತಗೊಂಡರೆ ಪ್ರತಿಧ್ವನಿ ದೂರ ಹೋಗುತ್ತದೆ, ಆದರೆ ಹೀರುವ ವಸ್ತುವಾದರೆ ಸಿಗ್ನಲ್ಲೇ ಉಳಿಯುವುದಿಲ್ಲ. ಏನನ್ನು ಬಿಟ್ಟು ಏನನ್ನು ಉಳಿಸಿಕೊಳ್ಳಬೇಕು ಅನ್ನುವುದು ಪ್ರತಿ ಸ್ಯಾಂಪಲ್‌ಗೂ ಹೊಸ ತೀರ್ಮಾನ.

ಇನ್ನೊಂದು ತಮಾಷೆ ಇದೆ. ಬಿಲ್ಲೆಯ ದಪ್ಪ ಅಳೆಯುವಾಗ ನೂರರಲ್ಲಿ ಒಂದು ಪಾಲು ತಪ್ಪಾಯಿತು ಅನ್ನಿ, ಅಂದರೆ ಅರ್ಧ ಮಿಲಿಮೀಟರಿನಲ್ಲಿ 5 ಮೈಕ್ರೋಮೀಟರ್. ಆಗ 3.42ರ ಬದಲು 3.40 ಅಥವಾ 3.44 ಬರುತ್ತದೆ. ಎದುರಿಗೆ ಭಾರೀ ಬೆಲೆಯ ಲೇಸರ್ ಇದೆ, ಫೆಮ್ಟೋಸೆಕೆಂಡಿನ ಕರಾರುವಾಕ್ಕು ಇದೆ. ಆದರೂ ಕೊನೆಯ ಉತ್ತರ ಸರಿಯೋ ತಪ್ಪೋ ಅಂತ ನಿರ್ಧರಿಸುವುದು ಕಾಲೇಜಿನ ಮೊದಲ ವರ್ಷದಲ್ಲಿ ಹಿಡಿದ ಸ್ಕ್ರೂಗೇಜು.

ಆಮೇಲೆ ನೀರಾವಿ. ಗಾಳಿಯಲ್ಲಿರುವ ನೀರಿನ ಅಣುಗಳು 0.557, 0.752, 0.988, 1.097, 1.163, 1.67 ಟೆರಾಹರ್ಟ್ಸ್ ಹೀಗೆ ಎಷ್ಟೋ ಕಡೆ ಕಿರಣವನ್ನು ಹೀರುತ್ತವೆ. ಅದಕ್ಕೇ ಇಡೀ ಆಪ್ಟಿಕ್ಸನ್ನು ಒಂದು ಪೆಟ್ಟಿಗೆಯಲ್ಲಿ ಮುಚ್ಚಿ ಒಳಗೆ ಒಣ ನೈಟ್ರೋಜನ್ ಹರಿಸುತ್ತಾರೆ. ಸ್ಯಾಂಪಲ್ ಬದಲಿಸಲು ಮುಚ್ಚಳ ತೆಗೆದರೆ ಹೊರಗಿನ ಗಾಳಿ ನುಗ್ಗುತ್ತದೆ, ತೇವ ಮತ್ತೆ ಇಳಿಯುವವರೆಗೆ ಸುಮ್ನೆ ಕಾಯಬೇಕು. ಅವಸರದಲ್ಲಿ ಒಂದು ಅಳತೆ ತೇವದಲ್ಲಿ, ಇನ್ನೊಂದು ಒಣ ಗಾಳಿಯಲ್ಲಿ ಮಾಡಿದರೆ ನೀರಿನ ಗೆರೆಗಳು ಸ್ಯಾಂಪಲ್ಲಿನ ಗೆರೆಗಳ ವೇಷ ಹಾಕಿ ಬರುತ್ತವೆ. ಪಳಗಿದ ಗೈಡ್ ವಿದ್ಯಾರ್ಥಿಯ ಗ್ರಾಫಿನಲ್ಲಿ 1.1ರ ಹತ್ತಿರ ಏನಾದರೂ ಕಂಡರೆ ಭೌತವಿಜ್ಞಾನ ಕೇಳುವುದಿಲ್ಲ. ಆ ಹೊತ್ತಿಗೆ ತೇವ ಎಷ್ಟಿತ್ತು ಅಂತ ಕೇಳುತ್ತಾರೆ.

ಸಲಕರಣೆ ಒಂದೇ, ವಸ್ತು ಬೇರೆ ಬೇರೆ

ಇಂಥ ಅಳತೆ ಕಲಿತವರ ವೃತ್ತಿ ಹೇಗೆ ಬೆಳೆಯುತ್ತದೆ ಅಂತ ನೋಡಿದರೆ ಒಂದು ಜಾಡು ಕಾಣುತ್ತದೆ. ಸಲಕರಣೆ ಹೆಚ್ಚು ಬದಲಾಗುವುದಿಲ್ಲ. ಒಳಗೆ ಇಡುವ ವಸ್ತು ಬದಲಾಗುತ್ತಾ ಹೋಗುತ್ತದೆ.

ಟೈಮ್‌ ಡೊಮೇನ್ ಬರುವ ಮೊದಲೂ ಹೀಗೇ ಇತ್ತು. 1950ರ ದಶಕದ ನಡುವಿನಲ್ಲಿ ಬರ್ಕ್ಲಿಯಲ್ಲಿ ಗ್ಲೋವರ್ ಮತ್ತು ಮೈಕಲ್ ಟಿಂಕಮ್ ಸೀಸ ಮತ್ತು ತವರದ ತೆಳು ಪದರಗಳ ಮೂಲಕ ದೂರದ ಇನ್‌ಫ್ರಾರೆಡ್ ಹಾಯಿಸಿದರು. ಸೂಪರ್‌ಕಂಡಕ್ಟರ್ ಆದಾಗ ಕಡಿಮೆ ಶಕ್ತಿಯ ಕಡೆ ಹೀರುವಿಕೆ ನಿಂತುಹೋಗುವುದು ಕಂಡಿತು. ಎಲೆಕ್ಟ್ರಾನುಗಳ ನಡುವೆ ಶಕ್ತಿಯ ಒಂದು ಕಂದರ ಇದೆ ಅನ್ನುವುದಕ್ಕೆ ನೇರ ಸಾಕ್ಷಿ. ಸೂಪರ್‌ಕಂಡಕ್ಟರ್‌ಗಳನ್ನು ವಿವರಿಸುವ ಬಿಸಿಎಸ್ ಸಿದ್ಧಾಂತ ಪೂರ್ತಿಯಾಗಿ ಬಂದದ್ದು 1957ರಲ್ಲಿ. ಅಳತೆ ಸಿದ್ಧಾಂತದ ಬಾಗಿಲಲ್ಲೇ ಕಾಯುತ್ತಿತ್ತು ಅನ್ನಬಹುದು.

1990ರಲ್ಲಿ ಗ್ರಿಶ್ಕೋವ್‌ಸ್ಕಿ ಗುಂಪು ಡೋಪ್ ಮಾಡಿದ (ವಿದ್ಯುತ್ ಹರಿಯಲೆಂದು ಚೂರು ಬೇರೆ ಧಾತು ಬೆರೆಸಿದ) ಸಿಲಿಕಾನನ್ನು ಅಳೆಯಿತು. ಎಲೆಕ್ಟ್ರಾನು ಎಷ್ಟಿವೆ, ಎಷ್ಟು ಹೊತ್ತಿಗೊಮ್ಮೆ ಡಿಕ್ಕಿ ಹೊಡೆಯುತ್ತವೆ ಎರಡೂ ಸಿಕ್ಕವು. ಅದೂ ತಂತಿ ಬೆಸೆಯದೆ, ಸ್ಯಾಂಪಲ್ ಮುಟ್ಟದೆ. ಇದು ಸಣ್ಣ ವಿಷಯ ಅಲ್ಲ. ಹೊಸ ವಸ್ತುವಿಗೆ ಒಳ್ಳೆಯ ಲೋಹದ ಸಂಪರ್ಕ ಕೊಡುವುದೇ ಎಷ್ಟೋ ಸಲ ಒಂದು ಪ್ರಬಂಧದಷ್ಟು ಕೆಲಸ.

ಆಮೇಲೆ ಸ್ಯಾಂಪಲ್ ಮೇಲೆ ಮೊದಲು ಒಂದು ಬೆಳಕಿನ ಪಲ್ಸ್ ಹೊಡೆದು, ಕೆಲವು ಪಿಕೋಸೆಕೆಂಡಿನ ನಂತರ ಟೆರಾಹರ್ಟ್ಸ್‌ನಿಂದ ನೋಡುವ ವಿಧಾನ ಬಂತು. 2012ರ ಸುಮಾರಿಗೆ ಪೆರೊವ್‌ಸ್ಕೈಟ್ ಅನ್ನುವ ಹೊಸ ಬಗೆಯ ಹರಳಿನ ಸೋಲಾರ್ ಸೆಲ್‌ಗಳು ಧುತ್ತನೆ ಸುದ್ದಿಯಾದಾಗ ಎಲ್ಲರಿಗೂ ಒಂದೇ ಪ್ರಶ್ನೆ: ದ್ರಾವಣ ಬಳಿದು ಒಣಗಿಸಿದ ಇಂಥ ಪದರದಲ್ಲಿ ಎಲೆಕ್ಟ್ರಾನುಗಳು ಇಷ್ಟು ಚೆನ್ನಾಗಿ ಹೇಗೆ ಓಡುತ್ತವೆ? ಆಕ್ಸ್‌ಫರ್ಡ್‌ನ ಮೈಕಲ್ ಜಾನ್‌ಸ್ಟನ್ ಮತ್ತು ಲಾರಾ ಹರ್ಟ್ಸ್ ಗುಂಪುಗಳು ಉತ್ತರ ಕೊಡುವ ಸ್ಥಿತಿಯಲ್ಲಿದ್ದವು. ಬೇರೆ ಸೆಮಿಕಂಡಕ್ಟರ್‌ಗಳ ಮೇಲೆ ವರ್ಷಗಟ್ಟಲೆ ಪಳಗಿದ ವಿಧಾನ ಅವರ ಕೈಯಲ್ಲಿತ್ತು. ಬೇರೆಯವರು ಸಲಕರಣೆ ಕಟ್ಟಲು ಶುರು ಮಾಡುವಾಗ ಇವರು ಅಳತೆ ಮುಗಿಸಿದ್ದರು. ಟೆರಾಹರ್ಟ್ಸ್ ವೃತ್ತಿಯ ನಿಜವಾದ ಲಾಭ ಬರುವುದು ಇಂಥ ಹೊತ್ತಿನಲ್ಲಿ. ಆದರೆ ಗ್ರಾಂಟ್ ಅರ್ಜಿಯಲ್ಲಿ "ಮುಂದೆ ಯಾವುದೋ ಹೊಸ ವಸ್ತು ಬರುತ್ತದೆ, ಅದಕ್ಕೆ ನಾನು ತಯಾರಿರುತ್ತೇನೆ" ಅಂತ ಬರೆದರೆ ಯಾರು ಹಣ ಕೊಡುತ್ತಾರೆ? ಹಾಗಾಗಿ ಅರ್ಜಿಯ ಮೊದಲ ಪ್ಯಾರಾದಲ್ಲಿ ಭದ್ರತೆ, ಕ್ಯಾನ್ಸರ್, 6ಜಿ ಬಂದು ಕೂರುತ್ತವೆ. ಅರ್ಜಿ ಬರೆಯುವವರಿಗೂ ಓದುವವರಿಗೂ ಇದು ಗೊತ್ತಿರುವ ನಾಟಕವೇ. ಹೊರಗಿನವರಿಗೆ ಗೊತ್ತಿಲ್ಲದೆ ಅದು ಸುದ್ದಿಯಾಗುತ್ತದೆ.

ಇನ್ನೊಂದು ಕವಲು ಪಲ್ಸಿನ ಬಲ ಹೆಚ್ಚಿಸುವವರದು. 2002ರಲ್ಲಿ ಹಂಗೆರಿಯ ಯಾನೋಶ್ ಹೆಬ್ಲಿಂಗ್ ಮತ್ತು ಜೊತೆಗಾರರು ಲಿಥಿಯಂ ನಯೋಬೇಟ್ ಹರಳಿಗೆ ಲೇಸರ್ ಪಲ್ಸನ್ನು ಓರೆಯಾದ ಮುಖದೊಂದಿಗೆ ಕಳಿಸುವ ಉಪಾಯ ಹೇಳಿದರು. 2011ರಲ್ಲಿ ಕ್ಯೋಟೋದ ಗುಂಪು ಅದೇ ದಾರಿಯಲ್ಲಿ ಸೆಂಟಿಮೀಟರಿಗೆ ಹತ್ತು ಲಕ್ಷ ವೋಲ್ಟ್ ದಾಟಿತು. ಅಲ್ಲಿಗೆ ಟೆರಾಹರ್ಟ್ಸ್ ಬರೀ ನೋಡುವ ಕಣ್ಣಾಗಿ ಉಳಿಯಲಿಲ್ಲ, ವಸ್ತುವನ್ನು ತಳ್ಳುವ ಕೈಯೂ ಆಯಿತು. 2013ರಿಂದ ಈಚೆಗೆ ಚೂಪಾದ ಲೋಹದ ಮೊನೆಯಿಂದ ಒಂದೊಂದೇ ಪರಮಾಣುವನ್ನು ತಡಕುವ ಸ್ಕ್ಯಾನಿಂಗ್ ಟನಲಿಂಗ್ ಮೈಕ್ರೋಸ್ಕೋಪಿನ ಮೊನೆಗೇ ಟೆರಾಹರ್ಟ್ಸ್ ಪಲ್ಸ್ ಕಳಿಸುತ್ತಿದ್ದಾರೆ. 2016ರಲ್ಲಿ ಜರ್ಮನಿಯ ರೇಗೆನ್ಸ್‌ಬುರ್ಗ್‌ನಲ್ಲಿ ಒಂದೇ ಒಂದು ಅಣು ಮೇಲೆ ಕೆಳಗೆ ನಡುಗುವುದನ್ನು ಅದರಲ್ಲಿ ಹಿಡಿದರು. 0.3 ಮಿಲಿಮೀಟರಿನ ಅಲೆಯಿಂದ ಒಂದು ಅಣುವನ್ನು ನೋಡುವುದು! ನನಗಂತೂ ಈ ಕ್ಷೇತ್ರದ ಅತಿ ಚಂದದ ಕೆಲಸ ಇದು.

ಈ ಕವಲಿನಲ್ಲೇ ಒಂದು ಜಗಳವೂ ಇದೆ. ಹ್ಯಾಂಬರ್ಗ್‌ನ ಆಂಡ್ರಿಯಾ ಕವಲ್ಲೇರಿ ಗುಂಪು 2016ರಲ್ಲಿ ಒಂದು ದೊಡ್ಡ ಮಾತು ಹೇಳಿತು. ಪೊಟ್ಯಾಸಿಯಂ ಸೇರಿಸಿದ ಫುಲರೀನ್ (ಚೆಂಡಿನಾಕಾರದ ಇಂಗಾಲದ ಅಣುಗಳ ವಸ್ತು) ಸಾಮಾನ್ಯವಾಗಿ ಸುಮಾರು 20 ಕೆಲ್ವಿನ್‌ಗಿಂತ ಕೆಳಗೆ ಸೂಪರ್‌ಕಂಡಕ್ಟರ್. ಇನ್‌ಫ್ರಾರೆಡ್ ಪಲ್ಸ್ ಹೊಡೆದರೆ ಅದಕ್ಕಿಂತ ತುಂಬಾ ಮೇಲಿನ ತಾಪಮಾನದಲ್ಲೂ ಅದು ಕೆಲವು ಪಿಕೋಸೆಕೆಂಡ್ ಸೂಪರ್‌ಕಂಡಕ್ಟರಿನ ಹಾಗೆ ವರ್ತಿಸುತ್ತದೆ ಅಂತ. ಸಾಕ್ಷಿ ಟೆರಾಹರ್ಟ್ಸ್ ಅಳತೆ. 2023ರಲ್ಲಿ ಇನ್ನೊಂದು ಗುಂಪು ತಕರಾರು ತೆಗೆಯಿತು. ಹೊಡೆದ ಪಲ್ಸ್ ಮೇಲ್ಪದರದಲ್ಲೇ ಉಳಿಯುತ್ತದೆ, ನೋಡುವ ಟೆರಾಹರ್ಟ್ಸ್ ಇನ್ನೂ ಆಳಕ್ಕೆ ಹೋಗುತ್ತದೆ. ಮೇಲ್ಪದರದ ಬದಲಾವಣೆ ಆಳಕ್ಕೆ ಹೋದಂತೆ ಹೇಗೆ ಕಡಿಮೆಯಾಗುತ್ತದೆ ಅಂತ ಒಂದು ಊಹೆ ಮಾಡಲೇಬೇಕು. ಪಲ್ಸ್ ಜೋರಾದಾಗ ವಸ್ತುವಿನ ಪ್ರತಿಕ್ರಿಯೆ ಒಂದು ಮಿತಿಗೆ ಬಂದು ನಿಲ್ಲುತ್ತದೆ ಅಂತ ಲೆಕ್ಕ ಹಿಡಿದರೆ, ಸೂಪರ್‌ಕಂಡಕ್ಟರ್ ಇಲ್ಲದೆಯೂ ಅದೇ ಗ್ರಾಫು ಬರಬಹುದು ಅನ್ನುವುದು ಅವರ ವಾದ. ಹ್ಯಾಂಬರ್ಗ್‌ನವರು ಒಪ್ಪಿಲ್ಲ. ಎರಡೂ ಕಡೆಯವರು ಸಮರ್ಥರೇ. ಆದರೆ ಜಗಳದ ಬೇರು ನೋಡಿ: ಪದರದ ದಪ್ಪ ಎಷ್ಟು, ಕಿರಣ ಎಷ್ಟು ಆಳಕ್ಕೆ ಹೋಯಿತು ಅನ್ನುವ ಅದೇ ಹಳೆಯ ಪ್ರಶ್ನೆ.

ಭರವಸೆಗಳು ಜಾರಿದ್ದೇಕೆ

ಕಾರಣ ಗುಟ್ಟೇನಲ್ಲ. ನೀರು. 1 ಟೆರಾಹರ್ಟ್ಸ್ ಕಿರಣ 0.1 ಮಿಲಿಮೀಟರ್ ನೀರು ದಾಟುವಷ್ಟರಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಉಳಿಯುತ್ತದೆ. ಒಂದು ಮಿಲಿಮೀಟರ್ ದಾಟುವಷ್ಟರಲ್ಲಿ ನೂರು ಕೋಟಿಯಲ್ಲಿ ಒಂದು ಪಾಲೂ ಉಳಿಯುವುದಿಲ್ಲ. ದೇಹದ ಒಳಗೆ ನೋಡುವ ಕನಸಿಗೆ ಅಲ್ಲಿಗೇ ತೆರೆ. ಚರ್ಮದ ಮೇಲಿನ ಗಡ್ಡೆಯಲ್ಲಿ ನೀರಿನ ಅಂಶ ಬೇರೆ ಇರುವುದರಿಂದ ಚಿತ್ರದಲ್ಲಿ ವ್ಯತ್ಯಾಸ ಕಾಣುತ್ತದೆ ನಿಜ. ಆದರೆ ವೈದ್ಯರು ಕಣ್ಣಲ್ಲಿ ನೋಡಿ, ಚೂರು ತೆಗೆದು ಪರೀಕ್ಷೆಗೆ ಕಳಿಸುವ ಕ್ರಮವನ್ನು ಮೀರಿಸಬೇಕಾದರೆ ವ್ಯತ್ಯಾಸ ಕಂಡರೆ ಸಾಲದು.

ಭದ್ರತೆಯ ಕಥೆಯೂ ಹಾಗೇ. ಆರ್‌ಡಿಎಕ್ಸ್ ಸ್ಫೋಟಕಕ್ಕೆ 0.8 ಟೆರಾಹರ್ಟ್ಸ್ ಹತ್ತಿರ ಸ್ಪಷ್ಟ ಗುರುತಿದೆ. ಲ್ಯಾಬಿನಲ್ಲಿ, ಒಣ ಗಾಳಿಯಲ್ಲಿ, ಚೆನ್ನಾಗಿ ಒತ್ತಿದ ಬಿಲ್ಲೆಯಲ್ಲಿ. ಕೆಲವು ಮೀಟರ್ ದೂರದಿಂದ, ತೇವದ ಗಾಳಿಯಲ್ಲಿ, ಬಟ್ಟೆಯ ನೇಯ್ಗೆ ಕಿರಣವನ್ನು ಚದುರಿಸುವಾಗ ಆ ಗುರುತು ಹಿಡಿಯುವುದು ಬೇರೆ ಮಾತು. ಕೊನೆಗೆ ವಿಮಾನ ನಿಲ್ದಾಣಗಳಲ್ಲಿ ಕೈ ಮೇಲೆತ್ತಿ ನಿಲ್ಲುವ ಗಾಜಿನ ಕಪಾಟಿನಂಥ ಯಂತ್ರ ಬಂತಲ್ಲ, ಅದರಲ್ಲಿರುವುದು 30 ಗಿಗಾಹರ್ಟ್ಸ್ ಆಸುಪಾಸಿನ ಮಿಲಿಮೀಟರ್ ಅಲೆ. ಅದು ವಸ್ತು ಯಾವುದು ಅಂತ ಹೇಳುವುದಿಲ್ಲ, ಅಲ್ಲಿ ಏನೋ ಇದೆ ಅಂತ ಹೇಳುತ್ತದೆ. ತಪಾಸಣೆಗೆ ಅಷ್ಟು ಸಾಕಾಯಿತು.

ಗೆದ್ದ ಕಡೆಗಳು ಸುದ್ದಿಯಾಗಲಿಲ್ಲ. 2003ರಲ್ಲಿ ಕೊಲಂಬಿಯಾ ಬಾಹ್ಯಾಕಾಶ ನೌಕೆ ನಾಶವಾದ ಮೇಲೆ, ಇಂಧನ ಟ್ಯಾಂಕಿನ ನೊರೆಯ ಹೊದಿಕೆಯಲ್ಲಿ ಪೊಳ್ಳು ಜಾಗ ಹುಡುಕಲು ನಾಸಾ ಟೆರಾಹರ್ಟ್ಸ್ ಬಳಸಿತು. ನೊರೆಯಲ್ಲಿ ನೀರಿಲ್ಲ, ಹಿಂದಿರುವ ಲೋಹ ಕಿರಣವನ್ನು ವಾಪಸ್ ಕಳಿಸುತ್ತದೆ. ಕಾರಿನ ಪ್ಲಾಸ್ಟಿಕ್ ಭಾಗಗಳ ಮೇಲಿನ ಬಣ್ಣದ ಪದರಗಳನ್ನು ಒಂದೊಂದಾಗಿ ಅಳೆಯಲು, ಮಾತ್ರೆಗಳ ಹೊರಪದರ ಸಮನಾಗಿದೆಯೇ ಅಂತ ನೋಡಲು ಈಗ ಯಂತ್ರಗಳಿವೆ. ಇಲ್ಲೆಲ್ಲ ನಡೆಯುವುದು ಸಿಲಿಕಾನ್ ಬಿಲ್ಲೆಯಲ್ಲಿ ತೊಂದರೆ ಕೊಟ್ಟ ಪ್ರತಿಧ್ವನಿಯ ಲೆಕ್ಕವೇ. ಲ್ಯಾಬಿನಲ್ಲಿ ಕಾಟ, ಕಾರ್ಖಾನೆಯಲ್ಲಿ ಕೂಲಿ.

ಪೆಟ್ಟಿಗೆ ಬಂದ ಮೇಲೆ

ಈಗ ಶುರು ಮಾಡುವವರ ಪರಿಸ್ಥಿತಿ ಬೇರೆ. ಮೊದಲು ಟೈಟಾನಿಯಂ ಸಫೈರ್ ಲೇಸರನ್ನು ಅಲೈನ್ ಮಾಡುವುದರಲ್ಲೇ ಬೆಳಗು ಮುಗಿಯುತ್ತಿತ್ತು. ಈಗ ಟೆಲಿಕಾಂ ಉದ್ಯಮದ ಕೃಪೆಯಿಂದ 1.5 ಮೈಕ್ರೋಮೀಟರಿನ ಫೈಬರ್ ಲೇಸರ್ ಇರುವ ರೆಡಿಮೇಡ್ ಸಲಕರಣೆ ಸಿಗುತ್ತದೆ. ಸ್ವಿಚ್ ಒತ್ತಿದರೆ 5-6 ಟೆರಾಹರ್ಟ್ಸ್‌ವರೆಗೆ ಸ್ಪೆಕ್ಟ್ರಮ್ ಬರುತ್ತದೆ. ರಸಾಯನಶಾಸ್ತ್ರದವರು, ಔಷಧದವರು ಎಲ್ಲರೂ ಬಳಸಬಹುದು. ಇದು ಒಳ್ಳೆಯದೇ. ಲೇಸರಿನ ಜೊತೆ ಗುದ್ದಾಡಿದರೆ ಮಾತ್ರ ವಿಜ್ಞಾನಿ ಅನ್ನುವ ಹಳಬರ ಹಟವನ್ನು ನಾನು ಒಪ್ಪುವುದಿಲ್ಲ.

ಆದರೆ ಪೆಟ್ಟಿಗೆಯ ಸಾಫ್ಟ್‌ವೇರ್ ಎಲ್ಲಿ ಕತ್ತರಿಸಿತು, ಯಾವ ದಪ್ಪ ಹಿಡಿಯಿತು ಅಂತ ಕೇಳದೆ ಬಂದ ಅಂಕಿಯನ್ನು ಹಾಗೇ ನಂಬುವ ಅಭ್ಯಾಸವೂ ಬೆಳೆಯುತ್ತಿದೆ. ಮೇಲಿನ ತುದಿಯ ಆವರ್ತನಗಳಲ್ಲಿ ಸಿಗ್ನಲ್ ಗದ್ದಲದ ಮಟ್ಟಕ್ಕೆ ಇಳಿದ ಮೇಲೂ ಗ್ರಾಫು ಬರುತ್ತಲೇ ಇರುತ್ತದೆ. ವಸ್ತು ಹೀರಿದ್ದರಿಂದ ಗೆರೆ ಅಲ್ಲಿ ಮೇಲಕ್ಕೆ ಹೋಗಿ ಚಪ್ಪಟೆಯಾಯಿತೋ, ಅಳೆಯುವ ಶಕ್ತಿ ಮುಗಿದದ್ದರಿಂದಲೋ ಅಂತ ಪೆಟ್ಟಿಗೆ ಹೇಳುವುದಿಲ್ಲ. ಸಲಕರಣೆ ಕಟ್ಟಿದವರಿಗೆ ಅದು ನೋಡಿದ ಕೂಡಲೇ ಗೊತ್ತಾಗುತ್ತದೆ. ಕಟ್ಟದವರಿಗೆ ಯಾರಾದರೂ ಕಲಿಸಬೇಕು. ಈ ಕ್ಷೇತ್ರದ ಹಿರಿಯರಿಗೆ ಈಗ ಇರುವ ದೊಡ್ಡ ಕೆಲಸ ಇದೇ ಅಂತ ನನ್ನ ಅನಿಸಿಕೆ. ಹೊಸ ಕಿರಣದ ಮೂಲ ಹುಡುಕುವುದಕ್ಕಿಂತ ಇದು ಜಾಸ್ತಿ ಅರ್ಜೆಂಟು.

ಇನ್ನು 6ಜಿ

ಇಲ್ಲಿ ಮೊದಲ ಲೆಕ್ಕ ಬಲು ಸರಳ. ಒಂದೇ ಬಗೆಯ ಸಣ್ಣ ಆಂಟೆನಾ ಎರಡು ಇಟ್ಟುಕೊಂಡು ಒಂದು ಮೀಟರ್ ದೂರಕ್ಕೆ ಕಳಿಸಿದರೆ, 3 ಗಿಗಾಹರ್ಟ್ಸ್‌ನಲ್ಲಿ ನಷ್ಟ ಸುಮಾರು 42 ಡೆಸಿಬೆಲ್. 300 ಗಿಗಾಹರ್ಟ್ಸ್‌ನಲ್ಲಿ 82. ನಡುವಿನ 40 ಡೆಸಿಬೆಲ್ ಅಂದರೆ ಹತ್ತು ಸಾವಿರ ಪಟ್ಟು. ಇದನ್ನು ಸರಿದೂಗಿಸಲು ಕಿರಣವನ್ನು ಸಣ್ಣ ಕೋನಕ್ಕೆ ಕಟ್ಟಿ ನೇರ ಗುರಿ ಇಡಬೇಕು. ಮನುಷ್ಯ ಅಡ್ಡ ಬಂದರೆ, ನೀರಿನ ಚೀಲವೇ ಅಡ್ಡ ಬಂದ ಲೆಕ್ಕ. ಹಾಗಾಗಿ ಫೋನು ಜೇಬಿನಲ್ಲಿಟ್ಟು ಊರೆಲ್ಲ ಸುತ್ತುವ ಟೆರಾಹರ್ಟ್ಸ್ ನೆಟ್‌ವರ್ಕ್ ಬರುತ್ತದೆ ಅಂತ ಯಾರಾದರೂ ಹೇಳಿದರೆ ಅನುಮಾನ ಪಡಬಹುದು. ಕಟ್ಟಡದಿಂದ ಕಟ್ಟಡಕ್ಕೆ, ಸರ್ವರ್ ಕಪಾಟಿನಿಂದ ಕಪಾಟಿಗೆ ಅಂದರೆ ನಂಬಬಹುದು. 2017ರಲ್ಲಿ ಬಂದ 802.15.3ಡಿ ಅನ್ನುವ ಮಾನದಂಡ 252ರಿಂದ 325 ಗಿಗಾಹರ್ಟ್ಸ್ ಪಟ್ಟಿಯನ್ನು ಇಂಥ ಇಬ್ಬರ ನಡುವಿನ ಸಂಪರ್ಕಕ್ಕೇ ಇಟ್ಟುಕೊಂಡಿದೆ.

ಸ್ಪೆಕ್ಟ್ರೋಸ್ಕೋಪಿಯವರ ಮಾತಿಗೆ ಬೆಲೆ ಬರುವ ಕಡೆ ಇನ್ನೊಂದಿದೆ. 2019ರ ವಿಶ್ವ ರೇಡಿಯೋ ಸಮ್ಮೇಳನ 275ರಿಂದ 450 ಗಿಗಾಹರ್ಟ್ಸ್ ನಡುವೆ ಒಟ್ಟು 137 ಗಿಗಾಹರ್ಟ್ಸ್‌ನಷ್ಟು ಜಾಗವನ್ನು ಸಂಪರ್ಕಕ್ಕೆ ಗುರುತಿಸಿತು. ಆದರೆ ಒಂದೇ ತುಂಡಾಗಿ ಅಲ್ಲ. 275ರಿಂದ 296, 306ರಿಂದ 313, 318ರಿಂದ 333, 356ರಿಂದ 450. ನಡುವಿನ ತುಂಡುಗಳನ್ನು ಹಾಗೆ ಬಿಡಲು ಕಾರಣ, ಭೂಮಿಯ ವಾತಾವರಣವನ್ನು ಮೇಲಿನಿಂದ ಗಮನಿಸುವ ಉಪಗ್ರಹಗಳು ಅಲ್ಲಿ ಕಿವಿಗೊಟ್ಟು ಕೇಳುತ್ತವೆ. ಅವು ಕೇಳುವುದು ಗಾಳಿಯ ಅಣುಗಳೇ ಸೂಸುವ ಕ್ಷೀಣ ಕಿರಣವನ್ನು. ಕೆಳಗಿನಿಂದ ಯಾರೋ ಜೋರಾಗಿ ಮಾತಾಡಿದರೆ ಹವಾಮಾನದ ಲೆಕ್ಕ ಕೆಡುತ್ತದೆ. ರೇಡಿಯೋ ಖಗೋಳದವರ ತಕರಾರೂ ಇದೇ ಬಗೆಯದು. ಯಾವ ತುಂಡಿನಲ್ಲಿ ಎಷ್ಟು ಹೀರುವಿಕೆ, ಎಷ್ಟು ಸೋರಿಕೆ ಸಹಿಸಬಹುದು ಅಂತ ಕರಾರುವಾಕ್ಕಾಗಿ ಹೇಳಬಲ್ಲವರು ನೀರಾವಿಯ ಗೆರೆಗಳನ್ನು ಒಂದೊಂದಾಗಿ ಅಳೆದ ಜನ. ಅವರನ್ನು ಆಗ ಯಾರೂ 6ಜಿಗೋಸ್ಕರ ಅಳೆಯಿರಿ ಅಂತ ಕೇಳಿರಲಿಲ್ಲ.

2027ರ ಸಮ್ಮೇಳನದ ಕಾರ್ಯಸೂಚಿಯಲ್ಲಿ ಮತ್ತೊಂದು ಬೇಡಿಕೆ ಕೂತಿದೆ. 275ರಿಂದ 700 ಗಿಗಾಹರ್ಟ್ಸ್ ನಡುವೆ ಚಿತ್ರ ತೆಗೆಯುವ ಸಾಧನಗಳಿಗೆ ಜಾಗ ಗುರುತಿಸಬೇಕೇ ಅನ್ನುವುದು. ಆ ಪಟ್ಟಿಯ ನಡುವೆಯೇ ಇದೆ, 557 ಗಿಗಾಹರ್ಟ್ಸ್‌ನಲ್ಲಿ ನೀರಿನ ದಪ್ಪ ಗೆರೆ.